ಎಮ್ಮೆ ತರಲು ಹೋದ ಮಾವ

ದುರುಗಪ್ಪಣ್ಣ,

ನಮ್ಮ ‘ಎಮ್ಮೆ ಮಾವ’ ಕಾಮಿಡಿ ಸಿನಿಮಾದ ನಾಲ್ಕನೇ ಭಾಗ ನಿನ್ನೆ ಮಾನ್ವಿಯ ಟಾಕೀಸಿಗೆ ಬಂತು. ನೀನು ತೀರಿಕೊಂಡ ಮೇಲೆ, ಮೊದಲ ಮೂರರಲ್ಲೂ ನೀನೇ ಮಾಡಿದ್ದ ಮಾವನ ಪಾತ್ರಕ್ಕೆಂದು ಯಾರ್‍ಯಾರಿಗೋ ನಿನ್ನ ರುಮಾಲು ಸುತ್ತಿ ನೋಡಿದೆ. ಒಬ್ಬರಿಗೂ ಒಪ್ಪಲಿಲ್ಲ. ನಿನ್ನ ಮೇಲೆಯೇ ಸಿಟ್ಟು ಬಂತು. ಕೊನೆಗೆ, ಮಾವ ಎಮ್ಮೆ ತರಲು ಗಿಲ್ಲೆಸುಗೂರಿಗೆ ಹೋಗಿದ್ದಾನೆ ಎಂದು ಕಥೆ ಕಟ್ಟಿದೆ.

ಅಳಿಯನ ಪಾತ್ರದ ಅಯ್ಯಪ್ಪ ಮನೆ ತುಂಬ ಎಡವಟ್ಟು ಮಾಡಿ, “ಸುಮ್ನಿರ್ರಿ, ಮಾವ ಈಗ ಬರ್ತಾನ” ಎಂದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಬೈದು ಎದ್ದುಹೋಗುತ್ತಾರೆಂದು ಹೆದರಿ ಬಾಗಿಲಲ್ಲೇ ನಿಂತಿದ್ದ ನಾನು ಆಗ ಒಳಗೆ ಹೋಗಿ ಕೂತೆ.

ದೇವದುರ್ಗದಿಂದ ಬಂದಿದ್ದ ನಿನ್ನ ಹೆಂಡತಿ, ಮಾರೆಮ್ಮ ಅತ್ತಿಗೆಯೂ ನಕ್ಕರು. ಸಿನಿಮಾ ಬಿಟ್ಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

“ತಮ್ಮಾ, ಮುಂದಿನ ಪಿಚ್ಚರ್‌ನ್ಯಾಗೂ ಅವರನ್ನ ಸಾಯಿಸಬ್ಯಾಡಪಾ. ಎಮ್ಮಿ ಇನ್ನೂ ಸಿಕ್ಕಿಲ್ಲಂತ ಹೇಳು.”