ಹೋದ ವಾರದ ವಿಡಿಯೋ

ನ. 4, ಸೋಮವಾರ. ಬೆಳಗ್ಗೆ 6.40

ಪಾದ ಹಿಡಿದು ಮೇಲಕ್ಕೆ ಒತ್ತುವುದು, ಮೂವತ್ತು ಸಲ. ಹನ್ನೆರಡಕ್ಕೇ ಬಿಂದು ಅರಚಿದಳು. ಮೂವತ್ತೂ ಮುಗಿಸಿದೆ. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ವಿಡಿಯೋ. ಚಿಕ್ಕಬಾಣಾವರದಿಂದ ವಿದ್ಯಾರಣ್ಯಪುರಕ್ಕೆ ದಿನಾ ಎತ್ಕೊಂಡು ಹೋಗೋಕಾಗಲ್ಲ ಅಂತ ಫಿಸಿಯೋ ಮೋನಿಷಾ ಮೇಡಂ ಮಾಡಿದ ಏರ್ಪಾಡು — ದಿನಾ ವಿಡಿಯೋ, ತಿಂಗಳಿಗೊಮ್ಮೆ ಕ್ಲಿನಿಕ್. ಇವಳಪ್ಪಂದು ಫಸ್ಟ್ ಶಿಫ್ಟ್, ಆರಕ್ಕೇ ಹೊರಟುಬಿಡ್ತಾರೆ.

ಆಗಸ್ಟಿನಲ್ಲಿ ನಾಲ್ಕು ದಿನ ಜ್ವರ. ಐದನೇ ದಿನ ಎಡಗಾಲು ಏಳಲಿಲ್ಲ. ವೈರಸ್ ಬೆನ್ನುಹುರಿಗೆ ಹೋಗಿದೆ ಅಂದರು ಡಾಕ್ಟರ್. ಆರು ವರ್ಷದ ಮಗು. ಯಾವ ವೈರಸ್ಸೋ, ಹಾಳಾಗಿ ಹೋಗಲಿ.

ನ. 9, ಶನಿವಾರ

ನನ್ನ ಕೈಯಲ್ಲಿ ಪಾದಕ್ಕೆ ಸುತ್ತಿ ಎಳೆಯೋ ಟವೆಲ್ ಕಂಡರೆ ಸಾಕು, ಬಿಂದು ಅಜ್ಜಿ ಸೆರಗಿನೊಳಗೆ ಮುಖ ಮುಚ್ಕೊಳ್ತಾಳೆ. ಅತ್ತೆ ಬೇರೆ — "ಮಗೀನ ಯಾಕಮ್ಮಾ ಇಂಗೆ ಗೋಳುಯ್ಕೊಂತೀಯ?"

ಬಿಟ್ಟರೆ ಪಾದ ಕೆಳಕ್ಕೇ ಬಿಗಿದುಬಿಡುತ್ತೆ, ಆಮೇಲೆ ನಿಲ್ಲೋಕೂ ಆಗಲ್ಲ ಅಂದಿದ್ದಾರೆ ಮೇಡಂ. ಅತ್ತೆಗೆ ಎಷ್ಟು ಸಲ ಹೇಳಲಿ.

ನ. 12, ಮಂಗಳವಾರ

ಇವತ್ತು ಮಾಡಿಸಲಿಲ್ಲ.

"ಒಂದೇ ಒಂದಿನ ಅಮ್ಮಾ" ಅಂತ ಕೈ ಮುಗಿದಳು. ನನಗೆ! ಮೇಡಂಗೆ ಹೋದ ವಾರದ ವಿಡಿಯೋ ಕಳಿಸಿದೆ. "ಸೂಪರ್ ಬಿಂದು!" ಅಂತ ಬಂತು.

ನ. 17, ಭಾನುವಾರ

ಆರನೇ ದಿನ. ಬೇರೆ ಬೇರೆ ಫ್ರಾಕ್ ಇರೋ ಹಳೇ ವಿಡಿಯೋ ಆರಿಸಿ ಆರಿಸಿ ಕಳಿಸ್ತಿದ್ದೀನಿ. ಎಂಥಾ ಬುದ್ಧಿ ನಂದು...

ಬೆಳಗ್ಗೆ ಬಿಂದು ತಾನೇ ತೆವಳಿ ಬಂದು ನನ್ನ ತೊಡೆ ಮೇಲೆ ಮಲಗಿದಳು. ಎಷ್ಟು ತಿಂಗಳಾಗಿತ್ತು! ಈ ಸುಖ ಬಿಡೋಕೆ ಮನಸ್ಸಿಲ್ಲ. ನಾಳೆಯಿಂದ ಖಂಡಿತ ಶುರು ಮಾಡ್ತೀನಿ.

ಡಿ. 10, ಮಂಗಳವಾರ

ಶುರು ಮಾಡಲಿಲ್ಲ.

ಇವತ್ತು ಕ್ಲಿನಿಕ್. ಮೇಡಂ ಪಾದ ಮೇಲಕ್ಕೆ ಒತ್ತಿದರು. ಬರಲಿಲ್ಲ. ಮತ್ತೆ ಒತ್ತಿದರು. "ವಿಡಿಯೋದಲ್ಲಿ ಚೆನ್ನಾಗೇ ಬರ್ತಿತ್ತಲ್ಲ ಸ್ಮಿತಾ?"

ಇವಳಪ್ಪ ಮುಂದೆ ಬಂದು — "ಒಂದಿನಾನೂ ತಪ್ಸಿಲ್ಲ ಮೇಡಂ ನಮ್ಮನೆಯವ್ಳು." ಎಷ್ಟು ಹೆಮ್ಮೆ ಆ ದನಿಯಲ್ಲಿ. ನಾನು ಬಿಂದು ಸಾಕ್ಸ್ ಹಾಕೋಕೆ ಬಗ್ಗಿದೆ.

ಅಲ್ಲಿಂದ ಹೆಬ್ಬಾಳದ ದೊಡ್ಡಾಸ್ಪತ್ರೆ. ದಿನಾ ಮಾಡಿಸಿಯೂ ಇಷ್ಟು ಬಿಗಿದಿದೆ ಅಂದ್ರೆ ಬೆನ್ನುಹುರಿಯಲ್ಲಿ ಮತ್ತೇನೋ ಆಗಿರಬಹುದು ಅಂದರು ಡಾಕ್ಟರ್. ಶುಕ್ರವಾರ ಮತ್ತೆ ಸ್ಕ್ಯಾನ್, ನಿದ್ದೆ ಸೂಜಿ ಚುಚ್ಚಿ ಮಲಗಿಸಿ. ಆಗಲೂ ಬಾಯಿ ಬಿಡಲಿಲ್ಲ ನಾನು. ಥೂ, ನನ್ನ ಜನ್ಮಕ್ಕಿಷ್ಟು.

ಡಿ. 13, ಶುಕ್ರವಾರ. 9.15

ಸ್ಕ್ಯಾನ್ ರೂಮಿನ ಹೊರಗೆ. ಫೈಲ್ ಹಿಂದಿನ ಹಾಳೆಯಲ್ಲಿ ಬರೀತಿದ್ದೀನಿ. ನಿದ್ದೆ ಸೂಜಿಗೆ ಅಂತ ರಾತ್ರಿಯಿಂದ ಮಗುಗೆ ಏನೂ ಕೊಟ್ಟಿಲ್ಲ, ತುಟಿ ಒಣಗಿದೆ.

ಇವತ್ತು ಹೇಳೇಬಿಡಬೇಕು ಅಂತಲೇ ಬಂದೆ. ಸಿಸ್ಟರ್ ಫಾರಂ ತುಂಬ್ತಾ ಕೇಳಿದರು — "ಎಕ್ಸರ್‌ಸೈಜ್ ಮಧ್ಯದಲ್ಲಿ ನಿಲ್ಸಿದ್ರಾ?"

ಬಾಯಿ ತೆರೆದೆ. ಅಷ್ಟರಲ್ಲಿ ಟ್ರಾಲಿ ಮೇಲಿಂದ ಬಿಂದು — "ಇಲ್ಲ ಆಂಟಿ. ನಮ್ಮಮ್ಮ ದಿನಾ ಮಾಡಿಸ್ತಾಳೆ."

ಸಿಸ್ಟರ್ ಬರೆದುಕೊಂಡರು. ಇವಳಪ್ಪ ಮಗಳ ತಲೆ ಸವರಿದರು. ಬಿಂದು ನನ್ನ ಬೆರಳು ಹಿಡಿದು ಒಮ್ಮೆ ಒತ್ತಿದಳು. ಬೈಸಿಕೊಳ್ಳದ ಹಾಗೆ ನನ್ನನ್ನು ಕಾಪಾಡಿದ್ದಾಳೆ! ಆ ಕಾಲು ಹಾಳು ಮಾಡಿದವಳನ್ನ...

ಈಗ ಹೇಳಿದರೆ ಅವಳೂ ಸುಳ್ಳು ಹೇಳಿದ ಹಾಗಾಗುತ್ತೆ. ಹೇಳದಿದ್ದರೆ —

ಸಿಸ್ಟರ್ ಸೂಜಿ ತರ್ತಿದ್ದಾರೆ. ಅಳ್ತಿದ್ದಾಳೆ ಮಗು. ಎದ್ದೆ. ಇವಳಪ್ಪಂಗೆ ಮೊದಲು ಹೇಳಿಬಿಡ್ತೀನಿ, ಸೂಜಿ ಚುಚ್ಚೋ ಮುಂಚೆ