ಕುರುಡು ಬಿಟ್ಟುಹೋದ ಪದ

ಜೂನ್ 4, ಬೆಳಿಗ್ಗೆ 10
ವೈದ್ಯಕೀಯ ನಿಘಂಟಿನ 'ಎನ್' ಪುಟಗಳ ಪ್ರೂಫ್ ಬಂತು. ಸಂಪಾದಕರ ಚೀಟಿ: "ಪದಮೂಲಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ." ಹದಿನೆಂಟು ವರ್ಷದಿಂದ ಇನ್ನೇನು ಮಾಡುತ್ತಿದ್ದೇನೆ, ಕಡಲೆಕಾಯಿ ಬಿಡಿಸುತ್ತಿದ್ದೇನೆಯೇ?

ನಿಕ್ಟಲೋಪಿಯ. ಗ್ರೀಕಿನಲ್ಲಿ ನಿಕ್ಸ್ — ಇರುಳು. ಅಲಾವೋಸ್ — ಕುರುಡು. ಓಪ್ಸ್ — ಕಣ್ಣು. ಅಲ್ಲಿಂದ ಲ್ಯಾಟಿನ್ನಿಗೆ. ಕೆಲವು ಹಳಬರು ನಡುವಿನ ಕುರುಡನ್ನು ನುಂಗಿಹಾಕಿ, ಇರುಳಲ್ಲಿ ಮಾತ್ರ ಕಾಣುವವನು ಎಂದು ತಿರುಗುಮುರುಗಾಗಿ ಬಳಸಿದರಂತೆ. ನಾವೇನು ಕಡಿಮೆ? 'ಇರುಳುಗಣ್ಣು' ಅನ್ನುತ್ತೇವೆ. ಇರುಳಿದೆ, ಕಣ್ಣಿದೆ. ಕುರುಡು ನಾಪತ್ತೆ.

ಅದೇ ದಿನ, ಸಂಜೆ 7
ಮಗಳನ್ನು ಈಜು ಕ್ಲಾಸಿನಿಂದ ಸ್ಕೂಟರಿನಲ್ಲಿ ಕರೆತಂದೆ. ತಿರುವಿನ ಕಟ್ಟೆ ಕಾಣಲಿಲ್ಲ. "ಅಪ್ಪಾ, ಬ್ರೇಕ್!" ಚಕ್ರ ಕಟ್ಟೆಗೆ ತಾಗಿ ನಿಂತಿತು. ಲೈಟ್ ಸರಿಯಿಲ್ಲ ಎಂದೆ. ಲೈಟ್ ಚೆನ್ನಾಗಿಯೇ ಇದೆ.

ಜೂನ್ 9
ಕಣ್ಣಿನ ಡಾಕ್ಟರು ಹನಿ ಹಾಕಿ ನೋಡಿದರು.
"ಯಾವಾಗಿಂದ ಹೀಗೆ?"
"ಎರಡು ವರ್ಷ."
"ಇಷ್ಟು ದಿನ ಏನ್ ಮಾಡ್ತಿದ್ರಿ?"
"ಪ್ರೂಫ್ ನೋಡ್ತಿದ್ದೆ."
ನಗಲಿಲ್ಲ ಪುಣ್ಯಾತ್ಮ. ರೆಟಿನಾ ಸವೆಯುತ್ತಿದೆಯಂತೆ. ಹೊತ್ತು ಮುಳುಗಿದ ಮೇಲೆ ಗಾಡಿ ಮುಟ್ಟಬಾರದು. ಚೀಟಿಯಲ್ಲಿ ಅದೇ ಪದ, ನಿಕ್ಟಲೋಪಿಯ. ಸ್ಪೆಲಿಂಗ್ ಸರಿಯಾಗಿತ್ತು.

ಮನೆಯಲ್ಲಿ ಹೇಳಲಿಲ್ಲ. ಭಯ.

ಜೂನ್ 11
ಮಗಳನ್ನು ಮತ್ತೆ ಸ್ಕೂಟರಿನಲ್ಲೇ ಕರೆತಂದೆ. ಆಮೆ ನಡಿಗೆ. ಹಿಂದೆ ಕೂತವಳು "ಎಡಕ್ಕೆ... ಗುಂಡಿ... ನಾಯಿ ಅಪ್ಪಾ" ಎನ್ನುತ್ತಲೇ ಇದ್ದಳು. ಹೇಳು ಎಂದು ನಾನು ಕೇಳಿರಲಿಲ್ಲ. ನಾಚಿಕೆಯಾಯಿತು.

ಜೂನ್ 13
ಸಂಪಾದಕರು ನನ್ನ ಪ್ರೂಫ್ ಹಿಡಿದು ಬಂದರು. 'ಅಲಾವೋಸ್ — ಕುರುಡು' ಅಷ್ಟನ್ನೂ ಕೆಂಪು ಗೆರೆ ಎಳೆದು ಹೊಡೆದುಹಾಕಿದ್ದೇನೆ. ಪಕ್ಕದಲ್ಲಿ ನನ್ನದೇ ಸಹಿ, ಹತ್ತನೇ ತಾರೀಕು. ಡಾಕ್ಟರನ್ನು ಕಂಡ ಮರುದಿನ.

"ಏನ್ರೀ ಇದು, ಕುರುಡು ಎಲ್ಲಿ ಹೋಯ್ತು?"

"ವಾಪಸ್ ಹಾಕ್ತೀನಿ ಸಾರ್."

ಹೊಡೆದ ಪದ ಉಳಿಯಬೇಕಾದರೆ ಅಡಿಯಲ್ಲಿ ಚುಕ್ಕಿ ಇಡುವುದು ನಮ್ಮ ಕ್ರಮ. ಇಟ್ಟೆ.

ಅದೇ ದಿನ, ಸಂಜೆ
ಸ್ಕೂಟರಿನ ಕೀ ಹೆಂಡತಿಯ ಮುಂದಿಟ್ಟೆ. "ಇವತ್ತಿಂದ ಮಗಳನ್ನ ಕರೆತರೋಕೆ ನೀನೇ ಹೋಗು."
"ಯಾಕ್ರೀ, ಏನಾಯ್ತು?"
ಇರುಳುಗಣ್ಣು ಎನ್ನಲು ಹೊರಟೆ. ಅದರಲ್ಲಿ ಆ ಪದ ಇಲ್ಲವಲ್ಲ. ಕುರುಡು ಸೇರಿಸಿ ಪೂರ್ತಿ ಹೇಳಿದೆ. ಅವಳು "ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?" ಎಂದು ಕಣ್ಣೊರೆಸಿಕೊಂಡು ಕೀ ತೆಗೆದುಕೊಂಡು ಹೋದಳು.

ಮಗಳು ಒದ್ದೆ ಕೂದಲಿನಲ್ಲೇ ಓಡಿಬಂದಳು. ದಾರಿಯಲ್ಲಿ ಅಮ್ಮ ಎಲ್ಲ ಹೇಳಿದ್ದಾಳೆ.
"ಇನ್ಮೇಲೆ ನಾನು ಎಡ, ಬಲ ಹೇಳೋದು ಬೇಡ್ವಾ ಅಪ್ಪಾ?"
ಬೇಕು ಕಣೇ, ಎಂದೆ. ಕತ್ತಲಲ್ಲಿ ಇಬ್ಬರೂ ನಡೆದುಕೊಂಡು ಹೋಗುವಾಗ ಬೇಕೇ ಬೇಕು.