ಮಲಕಮ್ಮನ ಫೈಲು

ಜುಲೈ 3, 2017. ಸೋಮವಾರ

ಬೆಳಿಗ್ಗೆ ಅಂಗನವಾಡಿಯಲ್ಲಿ ಮಕ್ಕಳ ತೂಕ. ಹದಿನೆಂಟು ಕಾರ್ಡು ಬರೆದೆ. ಮಧ್ಯಾಹ್ನ ಗಂಡನ ಜೊತೆ ಪೇಟೆಯ ದವಾಖಾನೆಗೆ, ರಿಪೋರ್ಟಿಗೆ. ಎಡಮೊಲೆಯ ಗಂಟು... ಕ್ಯಾನ್ಸರೇ. ಒಂದೂವರೆ ಸೆಂಟಿಮೀಟರ್.

ಡಾಕ್ಟರು ನನ್ನ ಮುಖ ನೋಡಲಿಲ್ಲ. ಇವರಿಗೆ ಹೇಳಿದರು — "ಪೂರ್ತಿ ತಗಸಿಬಿಡ್ರಿ. ನಿಮ್ಮ ಮನಿಯವರಿಗಿ ನಲವತ್ತಾರು ಆಗ್ಯಾವ. ಇನ್ನ ಯಾಕ ಬೇಕ್ರಿ?"

ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಯಾಕೆ ಬೇಕು ಎಂದು ನನ್ನನ್ನು ಕೇಳಬೇಕಿತ್ತು.

ಹೊರಗೆ ಬಂದ ಮೇಲೆ ಇವರೆಂದರು: "ಮೈ ನಿಂದು. ಕಲಬುರಗಿಗಿ ಹೋಗಿ ಇನ್ನೊಬ್ಬರಿಗಿ ಕೇಳಾಮು ನಡಿ."

ಜುಲೈ 8

ಕಲಬುರಗಿ. ಲೇಡಿ ಡಾಕ್ಟರು. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು — ಗಂಟು, ಅದರ ಸುತ್ತ ಸ್ವಲ್ಪ, ಕಂಕುಳಲ್ಲಿ ಒಂದೆರಡು ಗ್ರಂಥಿ. ಅಷ್ಟು ತೆಗೆದರೆ ಸಾಕು. ಮೊಲೆ ಉಳಿಯುತ್ತದೆ. ಆಮೇಲೆ ಐದು ವಾರ ಕರೆಂಟ್, ಅಂದರೆ ರೇಡಿಯೇಷನ್.

"ಆಯುಷ್ಯ ಎರಡರಾಗೂ ಅಷ್ಟೇ ಅವ್ವ. ಅದೇ ಜಾಗದಾಗ ತಿರುಗಿ ಬರೋದು ಇದರಾಗ ತುಸು ಹೆಚ್ಚು. ಅದಕ್ಕ ಕರೆಂಟ್ ತಪ್ಪಸಂಗಿಲ್ಲ. ವರ್ಷಕ್ಕೊಮ್ಮೆ ತೋರಿಸ್ಬೇಕು. ವಿಚಾರ ಮಾಡಿ ನೀವೇ ಹೇಳ್ರಿ."

ನೀವೇ ಹೇಳಿ — ಆ ಒಂದು ಮಾತಿಗೆ ಕಣ್ಣಲ್ಲಿ ನೀರು ಬಂತು. ಅಕ್ಕನಿಗೂ ಆಗಿತ್ತು ಎಂದೆ. ಅವಳ ಹಳೇ ಫೈಲು ತರಲು ಹೇಳಿದರು.

ಜುಲೈ 10

ಮಲಕಮ್ಮಕ್ಕ ವನದುರ್ಗದಿಂದ ಫೈಲು ತಂದಳು. ಕೊಟ್ಟು ಬೈದಳು. "ನಂದು ಪೂರ್ತಿ ತಗದಾರ, ಆರು ವರ್ಷ ಬದುಕೀನಿ. ಅರ್ಧಮರ್ಧ ಬಿಡಬ್ಯಾಡ ಗೊಲ್ಲಾಳಿ."

ಕುಪ್ಪಸದೊಳಗೆ ಬಟ್ಟೆ ಮಡಚಿಟ್ಟುಕೊಳ್ಳುತ್ತಾಳೆ. ಆರು ವರ್ಷದಿಂದ ಯಾವ ಮದುವೆಮನೆಯಲ್ಲೂ ಹೆಂಗಸರ ನಡುವೆ ಸೀರೆ ಬದಲಿಸಿಲ್ಲ.

ಜುಲೈ 14

ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ.

ಕಲಬುರಗಿಯ ಡಾಕ್ಟರು ಅಕ್ಕನ ಫೈಲಿನ ಒಂದು ಹಾಳೆಯನ್ನು ಎರಡು ಸಲ ಓದಿದರು. ಏನಿದೆ ಎಂದೆ. ಅಕ್ಕನ ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದುದನ್ನು ಹೇಳಿದರು. ಅಕ್ಕನ ಗಂಟೂ ಚಿಕ್ಕದೇ. "ಗಂಡನಿಗೆ ಎರಡೂ ದಾರಿ ವಿವರಿಸಿದೆ. ಪೂರ್ತಿ ತೆಗೆಯಲು ಹೇಳಿದ್ದಾರೆ." ಕೆಳಗೆ ಅಕ್ಕನ ಗಂಡ ಭಾಗಣ್ಣ ಮಾವನ ಸಹಿ. ಅದರ ಕೆಳಗೆ ಅಕ್ಕನ ಹೆಬ್ಬೆಟ್ಟು.

ಅಕ್ಕನಿಗೆ ಓದಲು ಬಾರದು. ಕಿವಿ ಇದ್ದವಲ್ಲ.

ನನ್ನದು ನಾನೇ ಹೇಳಿದೆ — ಗಂಟು ಮಾತ್ರ. ಸಹಿ ಒತ್ತಿ ಹಾಕಿದೆ, ಕಾಗದ ಹರಿಯುವಷ್ಟು.

ಜುಲೈ 29

ಆಪರೇಷನ್ ಆಗಿ ಹತ್ತು ದಿನ. ರಿಪೋರ್ಟು: ತೆಗೆದ ಭಾಗದ ಅಂಚು ಶುದ್ಧ, ಗ್ರಂಥಿಗೆ ಹೋಗಿಲ್ಲ. ಕೀಮೊ ಬೇಡ, ಮಾತ್ರೆ ಸಾಕು.

ಸೆಪ್ಟೆಂಬರ್ 14

ಹದಿನಾಲ್ಕನೆಯ ಕರೆಂಟ್. ಚರ್ಮ ಕಪ್ಪಾಗಿದೆ, ಉರಿ. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಕುರಿಗಳನ್ನು ಮಾವನಿಗೆ ಬಿಟ್ಟು ಅಕ್ಕ ನನ್ನ ಜೊತೆ ಕಲಬುರಗಿಯಲ್ಲಿದ್ದಾಳೆ. ಇವತ್ತು ಮುಲಾಮು ಹಚ್ಚುತ್ತ ಕೈ ನಿಲ್ಲಿಸಿದಳು.

"ನಂದೂ ಹಿಂಗ ಉಳೀತಿತ್ತೇನ?"

"ಗೊತ್ತಿಲ್ಲಕ್ಕ."

ಸುಳ್ಳು ಹೇಳಿದೆ. ಅವಳ ಸಂಸಾರ ಕೆಡುತ್ತದೆ ಎಂದು. ಮಾವನೂ ಹೀಗೇ ಏನೋ ಒಂದು ಅಂದುಕೊಂಡಿರಬೇಕು.

ನವೆಂಬರ್ 16, 2018. ಶುಕ್ರವಾರ

ವರ್ಷದ ಮೇಲಾಯಿತು, ಇದರಲ್ಲಿ ಬರೆದು. ಇವತ್ತು ಕಲಬುರಗಿಯಲ್ಲಿ ಎದೆಯ ಫೋಟೊ ತೆಗೆದರು. ಎರಡೂ ಕಡೆ ಏನೂ ಇಲ್ಲ. ಎಡಗಡೆ ತುಸು ಗಟ್ಟಿ, ಸಣ್ಣದು. ಇರಲಿ.

ಜೊತೆಗೆ ಬಂದಿದ್ದ ಅಕ್ಕ ನಕ್ಕಳು. ನನಗೆ ನಗಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎಲ್ಲ ಹೇಳಿಬಿಟ್ಟೆ. ಫೈಲು, ಸಹಿ.

ಎರಡು ಬಸ್ಸು ಹೋದವು. ಆಮೇಲೆ ಅಂದಳು —

"ಅವ ಆರು ವರ್ಷ ಮುಚ್ಚಿಟ್ಟ. ಅದರ ಮ್ಯಾಲ ನೀ ಒಂದು ವರ್ಷ."

ನಾವು ಇಳಿಯುವ ಶಹಾಪುರದ ತನಕ ಬೇರೆ ಸೀಟಿನಲ್ಲಿ ಕೂತಳು.

ನವೆಂಬರ್ 18. ವನದುರ್ಗ

ಅಕ್ಕನೇ ಹೇಳಿಕಳಿಸಿದಳು, ಬಾ ಎಂದು. ಮಾವ ಕಂಬಕ್ಕೆ ಒರಗಿ ಕೂತಿದ್ದ. ಅಕ್ಕ ನನ್ನ ಮುಂದೆಯೇ ಆ ಸಹಿಯ ವಿಷಯ ಕೇಳಿದಳು. ಅವನು ಇಲ್ಲವೆನ್ನಲಿಲ್ಲ.

"ಜೀವ ಉಳೀಲಿ ಅಂತ ಮಾಡೀನಿ. ಕರೆಂಟಿಗಿ ಐದು ವಾರ ಅಲ್ಲಿರಬೇಕು ಅಂದ್ರು. ಕುರಿ ಯಾರು ಕಾಯ್ತಿದ್ರು?"

"ಮಾವ, ಅಕ್ಕ ಅಲ್ಲೇ ದವಾಖಾನಿ ಮಂಚದ ಮ್ಯಾಲ ಇದ್ದಳಲ್ರಿ," ಎಂದೆ. ಧ್ವನಿ ಏರಿತ್ತು. ಅಕ್ಕ ಕೈ ಎತ್ತಿ ನನ್ನನ್ನು ತಡೆದಳು. ಅವಳ ಧ್ವನಿ ಏರಲೇ ಇಲ್ಲ.

"ಕುರಿ ಮಾತು ಅವತ್ತ ನನ್ನ ಮುಂದ ಆಡಬೇಕಿತ್ತು. ನಾನೂ ಪೂರ್ತಿ ತಗೀರಿ ಅಂತಿದ್ದೆ ಏನೋ. ಆದ್ರ ನಾ ಅಂತಿದ್ದೆ."

ಮಾವ ಕಂಬ ಬಿಟ್ಟು ನೆಟ್ಟಗೆ ಕೂತ. ಆಮೇಲೆ ಅಂದ — "ಮಲಕಿ, ನಾ ಅವತ್ತ ನಿನಗ ಕೇಳಬೇಕಿತ್ತು. ತಪ್ಪಾತು."